ಹಳೇ ಫೋಟೋದವರನ್ನು ಹೊಸ ಫೋಟೋಗೆ ಸೇರಿಸಬೇಕಾ? ತುಮಕೂರಲ್ಲಿ ಇಲ್ಲಿ ಕೊಡಿ

ತೀರಿಹೋದ ತಾತನನ್ನು ಮನೆಯವರ ಜೊತೆ ಒಂದೇ ಫೋಟೋದಲ್ಲಿ ನಿಲ್ಲಿಸಿಕೊಡಿ ಅಂದರೆ ಸುಮಾರು ಸ್ಟುಡಿಯೋದವರು ಸುಮ್ನೆ ಕತ್ತರಿಸಿ ಅಂಟಿಸಿಬಿಡುತ್ತಾರೆ. ಬಿ.ಎಚ್. ರಸ್ತೆ ಪಕ್ಕದ ಓಣಿಯಲ್ಲಿರುವ ಈ ಪುಟ್ಟ ಸ್ಟುಡಿಯೋದವರು ಹಾಗಲ್ಲ. ಮೊದಲು ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ನೋಡುತ್ತಾರೆ. ನಮ್ಮ ಗುಂಪು ಫೋಟೋ ದೇವರಾಯನದುರ್ಗದಲ್ಲಿ ಬೆಳಿಗ್ಗೆ ತೆಗೆದದ್ದು, ಬಿಸಿಲು ಎಡಗಡೆಯಿಂದ. ತಾತನ ಫೋಟೋದಲ್ಲಿ ಬಲಗಡೆಯಿಂದ. "ಇದು ಬೇಡ ಸಾರ್, ಬೇರೆ ಇದ್ರೆ ತನ್ನಿ" ಅಂದರು. ತಿರುಗಿಸಿ ಹಾಕಬಹುದಲ್ವಾ ಅಂತ ಕೇಳಿದೆ. ಹಾಗೆ ಮಾಡಿದರೆ ಅಂಗಿಯ ಜೇಬು, ಗುಂಡಿಪಟ್ಟಿ ಎಲ್ಲ ಅದಲುಬದಲಾಗುತ್ತೆ, ಅವರನ್ನು ಬಲ್ಲವರಿಗೆ ಮುಖವೂ ಬೇರೆ ಥರ ಕಾಣುತ್ತೆ ಅಂದರು. ನಿಜ.

ನನಗೆ ಜಾಸ್ತಿ ಹಿಡಿಸಿದ್ದು ನೆರಳಿನ ಕೆಲಸ. ಚಪ್ಪಲಿ ನೆಲಕ್ಕೆ ತಾಗುವ ಕಡೆ ತೆಳುವಾದ ಕಪ್ಪು ಗೆರೆ, ಅಲ್ಲಿಂದ ದೂರ ಹೋದಂತೆ ನೆರಳಿನ ಅಂಚು ಮಸುಕು. ಇದಿಲ್ಲದಿದ್ದರೆ ಮನುಷ್ಯ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತಾನೆ. ಹಳೇ ರೀಲ್ ಫೋಟೋದ ಗ್ರೇನ್ (ಮರಳಿನಂಥ ಸಣ್ಣ ಚುಕ್ಕೆಗಳು) ಮೊಬೈಲ್ ಫೋಟೋದ ಮಧ್ಯೆ ಎದ್ದು ಕಾಣಬಾರದು ಅಂತ ಇಡೀ ಚಿತ್ರಕ್ಕೇ ಒಂದಿಷ್ಟು ಗ್ರೇನ್ ಹಾಕಿದ್ದಾರೆ. ಕೂದಲನ್ನು, ಬೇಡದ ಭಾಗ ಮರೆಮಾಡುವ ಫೋಟೋಶಾಪ್ ಮಾಸ್ಕ್‌ನಲ್ಲಿ ಎಳೆ ಎಳೆಯಾಗಿ ಬಿಡಿಸಿದ್ದಾರೆ, ಪಾಪ ಎಷ್ಟು ಹೊತ್ತು ಕೂತಿದ್ದರೋ.

ಒಂದು ತಕರಾರಿತ್ತು. ಮೊದಲ ಪ್ರಿಂಟ್‌ನಲ್ಲಿ ತಾತನ ಪಂಚೆ ನೀಲಿ ಹೊಡೆಯುತ್ತಿತ್ತು, ಪಕ್ಕದವರ ಬಿಳಿ ಬಟ್ಟೆ ಬಿಸಿಲಿಗೆ ಹಳದಿ. ಹೇಳಿದ ಮೇಲೆ ದುಡ್ಡು ಕೇಳದೆ ಸರಿ ಮಾಡಿದರು. ಕೆಲಸ ನಿಧಾನ, ಅರ್ಜೆಂಟ್ ಇರುವವರಿಗೆ ಆಗಲ್ಲ. ಹೋಗುವಾಗ ತಲೆಯಿಂದ ಪಾದದವರೆಗೆ ಇರುವ, ಕಣ್ಣಿನ ಎತ್ತರದಿಂದ ತೆಗೆದ ಫೋಟೋ ಹುಡುಕಿ ತಗೊಂಡು ಹೋಗಿ.