ನಮ್ಮ ಟ್ಯೂಷನ್‌ಗ ಮೂಡಲ್ ಹಾಕಿ ವರ್ಷ ಆಯ್ತು, ಹ್ಯಾಂಗದ ಅಂತ ಹೇಳ್ತೀನಿ ನೋಡ್ರಿ

ಕಲಬುರಗಿ ಸೇಡಂ ರೋಡ್ ಕಡಿ ನಂದೊಂದು ಸಣ್ಣ ಟ್ಯೂಷನ್ ಅದ, ಹತ್ತನೇ ಕ್ಲಾಸಿನ ಗಣಿತ-ವಿಜ್ಞಾನ, ಕನ್ನಡ ಮೀಡಿಯಂ ಹುಡುಗುರೇ ಜಾಸ್ತಿ. ಜೇವರ್ಗಿ, ಚಿತ್ತಾಪುರ ಕಡಿ ಹಳ್ಳಿಯಿಂದ ಬಸ್ಸಿಗಿ ಬರೋರು ಭಾಳ ಮಂದಿ, ಬಸ್ ತಪ್ಪಿದ್ರ ಅವತ್ತಿನ ಪಾಠ ಹೋಯ್ತು ಅಂತನೇ ಲೆಕ್ಕ, ಅದಕ್ಕ ಪಾಠ ಮತ್ತ ಟೆಸ್ಟ್ ಎರಡೂ ಫೋನಿನಾಗ ಸಿಗಬೇಕು ಅಂತ ಹಟ ಹಿಡಿದು ಕುಂತೆ. ಅದಕ್ಕ ಹಾಕಿದ್ದೇ ಮೂಡಲ್, ಪಾಠ-ಟೆಸ್ಟ್ ಎಲ್ಲಾ ನಮ್ಮದೇ ಸೈಟಿನಾಗ ಇಡೋ ಸಾಫ್ಟ್‌ವೇರ್.

ಮೂಡಲ್‌ಕಿಂತ ಮೊದಲು ಒಬ್ಬರ ಕಡಿಂದ ಸೈಟ್ ಮಾಡಿಸಿದ್ದೆ, ಯಾರು ಅಂತ ಬ್ಯಾಡ. ಅವರು ತಮ್ಮ ಲ್ಯಾಪ್‌ಟಾಪ್‌ದಾಗ ತೋರಿಸಿದಾಗ ನಂಗೂ ಭಾಳ ಛಂದ ಅನಿಸ್ತು, ಮ್ಯಾಲ ದೊಡ್ಡ ದೊಡ್ಡ ಫೋಟೋ ತಾವೇ ಸರೀತಿದ್ವು. ಹುಡುಗುರ ಫೋನಿನಾಗ ತೆಗದ್ರ ಆ ಫೋಟೋ ಬರೋದ್ರಾಗೇ ನೆಟ್ ಮುಗೀತಿತ್ತು, ಪಾಠ ಹುಡುಕಬೇಕಂದ್ರ ಮೂರು ಗೆರಿ ಮೆನು ಒತ್ತಬೇಕು, ಅದರೊಳಗ ಮತ್ತೊಂದು ಮೆನು. ಅಕ್ಷರ ತೆಳ್ಳಗ, ಬಿಳಿ ಮ್ಯಾಲ ಬೂದಿ ಬಣ್ಣ. ನಮ್ಮ ಕಡಿ ಏಪ್ರಿಲ್ ಬಿಸಿಲಿನಾಗ ಬಸ್ ಸ್ಟ್ಯಾಂಡಿನಾಗ ನಿಂತು ಅದನ್ನ ಓದೋದು ಹ್ಯಾಂಗ ರೀ? ಅಕ್ಷರ ಮತ್ತ ಹಿನ್ನೆಲೆ ನಡುವಿನ ಕಾಂಟ್ರಾಸ್ಟ್ ಕಡಿಮಿ ಅಂದ್ರ 4.5ಕ್ಕ 1 ಇರಬೇಕು ಅಂತ ವೆಬ್‌ನ ನಿಯಮನೇ ಅದ, ಅದು ನಂಗ ಆಮ್ಯಾಲ ಗೊತ್ತಾಯ್ತು.

ಮೂಡಲ್ ಫ್ರೀ, ಓಪನ್ ಸೋರ್ಸ್, ಅಂದ್ರ ಅದರ ಕೋಡ್ ಯಾರು ಬೇಕಾದ್ರೂ ನೋಡಿ ತಿದ್ದಬಹುದು. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅನ್ನೋರು ಶುರು ಮಾಡಿದ್ದು, ಮೊದಲನೇ ವರ್ಷನ್ ಬಂದಿದ್ದು 2002ರಾಗ. ಸಾದಾ ಶೇರ್ಡ್ ಹೋಸ್ಟಿಂಗ್ (ಭಾಳ ಮಂದಿ ಸೈಟ್ ಒಂದೇ ಸರ್ವರಿನಾಗ ಇಡೋದು) ಮ್ಯಾಲೂ ನಡೀತದ, ಖರ್ಚು ಅಂದ್ರ ಹೋಸ್ಟಿಂಗ್ ಮತ್ತ ಡೊಮೇನ್ ಅಷ್ಟೇ. ಕ್ರಾನ್ ಅಂತೊಂದು ಇರ್ತದ, ಸರ್ವರಿನಾಗ ಹೊತ್ತಿಗಿ ಸರಿಯಾಗಿ ತಾನೇ ಕೆಲಸ ನಡೆಸೋದು, ಅದನ್ನ ನಿಮಿಷಕ್ಕೊಮ್ಮಿ ಓಡೋ ಹಂಗ ಹಚ್ಚಿಲ್ಲಂದ್ರ ನೋಟಿಫಿಕೇಶನ್ ಸರಿಯಾಗಿ ಹೋಗಂಗಿಲ್ಲ, ಇದಷ್ಟು ಮರೀಬ್ಯಾಡ್ರಿ. ಹುಡುಗುರ ಹೆಸರೆಲ್ಲ ಒಂದು ಶೀಟಿನಾಗ ಬರದು ಒಮ್ಮೆಲೇ ಅಪ್‌ಲೋಡ್ ಮಾಡಬಹುದು, ನಾ ರೋಲ್ ನಂಬರೇ ಯೂಸರ್ ನೇಮ್ ಇಟ್ಟೀನಿ. ಇದು ನಂಗ ಭಾಳ ಸೇರ್ತು, ಯಾಕಂದ್ರ ಹುಡುಗುರ ಕೈಯಾಗಿರೋದು ಅಪ್ಪನ ಫೋನು, ಅದ್ರಾಗ ಅಪ್ಪನ ಜಿಮೇಲ್, ಗೂಗಲ್ ಕ್ಲಾಸ್‌ರೂಮ್ ಇದ್ದಾಗ ಹೋಮ್‌ವರ್ಕ್ ಎಲ್ಲಾ ಅಪ್ಪಂದಿರ ಹೆಸರಿನ ಮ್ಯಾಲೇ ಬರ್ತಿತ್ತು.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಹಾಕಿದ ಮೊದಲನೇ ತಿಂಗಳು ಒಂದು ಹುಡುಗಿ ಅಪ್ಪ ಬಂದ್ರು, "ಸರ್, ನಮ್ಮ ಪೋರಿ ಟೆಸ್ಟ್ ಬರದಾಳ, ನೀವು ಬರದಿಲ್ಲ ಅಂತೀರಲ್ಲ" ಅಂದ್ರು. ಹುಡುಗಿ ಕಣ್ಣಾಗ ನೀರು ಬಂದಿತ್ತು. ನಾ ಏನೂ ಹೇಳ್ಲಿಲ್ಲ, ಬಾಜೂಕ ಕುಂಡ್ರಿಸ್ಕೊಂಡು ಇನ್ನೊಂದು ಟೆಸ್ಟ್ ಕೊಟ್ಟು ಸುಮ್ಮನ ಅವಳ ಬೆರಳು ನೋಡ್ಕೋತ ಕುಂತೆ. ಹತ್ತೂ ಪ್ರಶ್ನೆ ಮಾಡಿದ್ಲು, ಕೊನೀಗಿ "ಫಿನಿಶ್ ಅಟೆಂಪ್ಟ್" ಒತ್ತಿದ್ಲು, ಫೋನು ಅಪ್ಪನ ಕೈಯಾಗ ಕೊಟ್ಟು "ಆಯ್ತು ಸರ್" ಅಂದ್ಲು. ಆಗಿರ್ಲಿಲ್ಲ! ಅದನ್ನ ಒತ್ತಿದ ಮ್ಯಾಲ ಒಂದು ಪಟ್ಟಿ ಬರ್ತದ, ಅದರ ಕೆಳಗ "ಸಬ್ಮಿಟ್ ಆಲ್ ಅಂಡ್ ಫಿನಿಶ್" ಅಂತ ಇನ್ನೊಂದು ಬಟನ್, ಅದನ್ನ ಒತ್ತಿದ್ರ ಖರೇ ಏನ್ ಅಂತ ಮತ್ತೊಮ್ಮಿ ಕೇಳ್ತದ. ಫಿನಿಶ್ ಅಂತ ಎರಡು ಸಲ ಬರದ್ರ ಮೊದಲನೇದಕ್ಕೇ ಮುಗೀತು ಅನ್ಕೋಳೋದು ಯಾರಿಗಾದ್ರೂ ಸಹಜ, ತಪ್ಪು ಆ ಹುಡುಗೀದಲ್ಲ. ಅವತ್ತೇ ರಾತ್ರಿ ಅಡ್ಮಿನ್‌ದಾಗ ಲ್ಯಾಂಗ್ವೇಜ್ ಕಸ್ಟಮೈಸೇಶನ್ ಅನ್ನೋದ್ರಾಗ ಹೋಗಿ ಮೊದಲನೇ ಬಟನ್‌ಗ "ಉತ್ತರ ಒಮ್ಮಿ ನೋಡ್ಕೋರಿ" ಅಂತ, ಎರಡನೇದಕ್ಕ "ಸರ್‌ಗ ಕಳಸ್ರಿ" ಅಂತ ಬರದೆ. ಅವತ್ತಿನಿಂದ ಈ ತಕರಾರು ಬಂದೇ ಇಲ್ಲ. ಕನ್ನಡ ಲ್ಯಾಂಗ್ವೇಜ್ ಪ್ಯಾಕ್ ಅದ, ಆದ್ರ ಪೂರ್ತಿ ಆಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣ್ತದ, ಹಂಗಾಗಿ ಮುಖ್ಯ ಬಟನ್ ನೀವೇ ಕುಂತು ಬರೀರಿ, ಒಂದು ಸಂಜಿ ಕೆಲಸ.

ಟೈಮ್ ಲಿಮಿಟ್ ಹಚ್ಚಿದ್ರ ಟೈಮ್ ಮುಗದ ಮ್ಯಾಲ ತಾನೇ ಸಬ್ಮಿಟ್ ಆಗ್ತದ, ಹಂಗ ಯಾಕ ಮಾಡ್ಲಿಲ್ಲ ಅಂತ ಕೇಳಬಹುದು. ಮೂಡಲ್ ಆ್ಯಪ್‌ದಾಗ ಕ್ವಿಜ್ ಡೌನ್‌ಲೋಡ್ ಮಾಡ್ಕೊಂಡು ನೆಟ್ ಇಲ್ದೇನೂ ಬರೀಬಹುದು, ನಮ್ಮ ಹಳ್ಳಿ ಹುಡುಗುರಿಗಿ ಇದಕ್ಕಿಂತ ದೊಡ್ಡ ಸವಲತ್ತು ಇಲ್ಲ, ಆದ್ರ ಟೈಮ್ ಲಿಮಿಟ್ ಇದ್ದ ಕ್ವಿಜ್ ಆಫ್‌ಲೈನ್ ಬರ್ಲಾಕ್ ಬಿಡಂಗಿಲ್ಲ. ಉತ್ತರ ಸರಿನೋ ತಪ್ಪೋ ಅಂತ ಕೂಡ್ಲೇ ತೋರ್ಸೋ ಸೆಟ್ಟಿಂಗ್ ಇದ್ರೂ ಬಿಡಂಗಿಲ್ಲ, ಎಲ್ಲಾ ಮುಗದ ಮ್ಯಾಲ ತೋರ್ಸೋ ಡಿಫರ್ಡ್ ಫೀಡ್‌ಬ್ಯಾಕೇ ಇಡಬೇಕು. ಅದಕ್ಕ ವಾರದ ಪ್ರಾಕ್ಟೀಸ್ ಲಿಮಿಟ್ ಇಲ್ದೆ ಆಫ್‌ಲೈನ್, ತಿಂಗಳ ಟೆಸ್ಟ್ ಕ್ಲಾಸಿನಾಗೇ ಕುಂತು ಟೈಮ್ ಹಚ್ಚಿ, ಹಿಂಗ ಬ್ಯಾರೆ ಬ್ಯಾರೆ ಮಾಡೀನಿ.

ಕನ್ನಡ ಅಕ್ಷರದ್ದೊಂದು ಹೇಳಲೇಬೇಕು. ಇದರ ಬೂಸ್ಟ್ ಅನ್ನೋ ಥೀಮಿನಾಗ (ಸೈಟ್ ಕಾಣೋ ರೂಪ) ಪಾಠದ ಸಾಲು ಅಡ್ಡಿಯಿಲ್ಲ, ಆದ್ರ ಹೆಡ್ಡಿಂಗಿನ ಲೈನ್ ಹೈಟ್, ಅಂದ್ರ ಸಾಲಿನ ಎತ್ತರ, ಅಕ್ಷರದ 1.2 ಪಟ್ಟು ಅಷ್ಟೇ, ಇಂಗ್ಲಿಷಿಗಿ ಸಾಕು, ನಮ್ಮ ಒತ್ತಕ್ಷರಕ್ಕ ಸಾಲಂಗಿಲ್ಲ. "ವಿದ್ಯುತ್ಕಾಂತೀಯ", "ದ್ಯುತಿಸಂಶ್ಲೇಷಣೆ" ಇಂಥಾವು ಫೋನಿನಾಗ ಎರಡು ಸಾಲಾಗಿ ಬಿದ್ರ ಮ್ಯಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗಿ ಬಡೀತದ, ಮೊದಲೇ ಕಠಿಣ ಶಬ್ದ, ಅದ್ರಾಗ ಹಿಂಗ ಕಂಡ್ರ ಹುಡುಗುರು ಓದೋದೇ ಬಿಡ್ತಾರ. ಥೀಮ್ ಸೆಟ್ಟಿಂಗಿನಾಗ ರೂಪ ಬದಲಿಸೋ ಕೋಡ್ ಬರಿಯೋ ರಾ ಎಸ್‌ಸಿಎಸ್‌ಎಸ್ ಡಬ್ಬಿದಾಗ ಹೆಡ್ಡಿಂಗ್ 1.5, ಪಾಠ 1.7, ಅಕ್ಷರ 18 ಪಿಕ್ಸೆಲ್, ಫಾಂಟ್ ನೋಟೋ ಸಾನ್ಸ್ ಕನ್ನಡ ಅಂತ ಮೂರ್ನಾಲ್ಕು ಗೆರಿ ಹಾಕಿದ್ರ ಆಯ್ತು. ಮತ್ತ ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿದ ನೋಟ್ಸ್ ಹಂಗೇ ಪೇಸ್ಟ್ ಮಾಡಿದ್ರ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಬರ್ತದ, ಕನ್ವರ್ಟರ್‌ದಾಗ ಹಾಕಿ ಯೂನಿಕೋಡ್ ಮಾಡಿದ ಮ್ಯಾಲೇ ಹಾಕ್ರಿ, ಮಾಡಿದ ಮ್ಯಾಲೂ ಒಮ್ಮಿ ಓದ್ರಿ, ಅಲ್ಲಲ್ಲಿ ಕೆಟ್ಟಿರ್ತದ.

ಗಣಿತಕ್ಕ ಮಾತ್ರ ಬಂಗಾರದಂಥಾದ್ದು. ಟೈಪ್ ಮಾಡಿದ ಸೂತ್ರ ಗಣಿತದ ರೂಪದಾಗ ತೋರ್ಸೋ ಮ್ಯಾಥ್‌ಜ್ಯಾಕ್ಸ್ ಒಳಗೇ ಅದ, ವರ್ಗ ಸಮೀಕರಣದ ಸೂತ್ರ ಫೋಟೋ ಹೊಡದು ಹಾಕೋದು ಬ್ಯಾಡ, ಟೈಪ್ ಮಾಡಿದ್ರ ಎಷ್ಟು ಝೂಮ್ ಮಾಡಿದ್ರೂ ಸ್ಪಷ್ಟ ಕಾಣ್ತದ.

ಬೇಜಾರಿಂದು ಅಂದ್ರ ಶಾರ್ಟ್ ಆನ್ಸರ್, ಹುಡುಗುರೇ ಉತ್ತರ ಟೈಪ್ ಮಾಡೋ ಪ್ರಶ್ನೆ. "ದ್ಯುತಿಸಂಶ್ಲೇಷಣೆ" ಅನ್ನೋದನ್ನ ನಡುವ ಜಾಗ ಬಿಟ್ಟು ಬರದ್ರೂ ತಪ್ಪು ಅಂತದ, ಬರಬಹುದಾದ ಎಲ್ಲಾ ರೂಪ ನಾವೇ ಮೊದಲೇ ತುಂಬಬೇಕು. ನಾ ಅದನ್ನ ಬಿಟ್ಟು ಆಯ್ಕೆ ಪ್ರಶ್ನೆ, ಹೊಂದಿಸಿ ಬರೆಯಿರಿ ಅಷ್ಟೇ ಇಟ್ಟೀನಿ. ಅಡ್ಮಿನ್ ಕಡಿ ಸೆಟ್ಟಿಂಗ್ ಅಂತೂ ಅಡವಿ ಇದ್ದಂಗ ಅದ, ಮೊದಲ ಎರಡು ವಾರ ತ್ರಾಸ ಆಗ್ತದ. 2022ರಾಗ ಬಂದ 4.0 ವರ್ಷನ್‌ನಿಂದ ಪಾಠದ ಪಟ್ಟಿ ಬಾಜೂಕೇ ಕಾಣ್ತದ, ಹಳೇ ವರ್ಷನ್ ಹಾಕಿ ಕೊಡ್ತೀನಿ ಅಂದ್ರ ಬ್ಯಾಡ ಅನ್ರಿ.

ಹತ್ತು ಹುಡುಗುರಿದ್ದು ಬರೀ ನೋಟ್ಸ್ ಕಳಸೋದಿದ್ರ ವಾಟ್ಸಾಪ್ ಗ್ರೂಪೇ ಸಾಕು. ಟೆಸ್ಟ್ ಬೇಕು, ಯಾರು ಎಲ್ಲಿ ತಪ್ಪಲತ್ತಾರ ಅಂತ ನೋಡಬೇಕು, ನೆಟ್ ಇಲ್ದ ಊರಿನ ಹುಡುಗುರೂ ಬರೀಬೇಕು ಅನ್ನೋರು ಮೂಡಲ್ ಹಾಕ್ರಿ, ನನ್ನ ಕಡಿಂದ ಐದಕ್ಕ ನಾಲ್ಕು. ಬಟನ್‌ಗ ನಾ ಇಟ್ಟ ಕನ್ನಡ ಹೆಸರು, ಆ ನಾಲ್ಕು ಗೆರಿ ಕೋಡು ಯಾರಿಗಿ ಬೇಕೋ ಕೆಳಗ ಕೇಳ್ರಿ, ಕಳಸ್ತೀನಿ. ಹಾಕಿದ ಮ್ಯಾಲ ಒಬ್ಬ ಹುಡುಗನ ಕೈಯಾಗ ಅವರಪ್ಪನ ಫೋನ್ ಕೊಟ್ಟು, ಹತ್ತು ನಿಮಿಷ ಏನೂ ಮಾತಾಡ್ದೆ ಬಾಜೂಕ ಕುಂತು ನೋಡ್ರಿ.