ಅಮೆರಿಕ ಪೌರತ್ವ ಪರೀಕ್ಷೆಯ ಉಚಿತ ಕಿಟ್: ಕ್ಲಾರ್ಕ್‌ಸ್ಟನ್‌ಗೆ ಹೊರಟ ಸೇವಾ ತಂಡಕ್ಕೆ ಎಲ್ಲಿ ಸಾಕು, ಎಲ್ಲಿ ಸಾಲದು

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಪೂರ್ವ ಮಗ್ಗುಲಲ್ಲಿರುವ ಕ್ಲಾರ್ಕ್‌ಸ್ಟನ್ ಬಹಳ ಚಿಕ್ಕ ಊರು. 1980ರ ದಶಕದಿಂದ ನಿರಾಶ್ರಿತರು ಬಂದು ನೆಲೆಸುತ್ತಿರುವ ಜಾಗ ಇದು. ಭೂತಾನದಿಂದ ಹೊರದಬ್ಬಿಸಿಕೊಂಡ ನೇಪಾಳಿ ಮಾತಿನವರು, ಮ್ಯಾನ್ಮಾರಿನ ಕರೆನ್ ಮತ್ತು ಚಿನ್ ಜನ, ಕಾಂಗೊ, ಸೊಮಾಲಿಯಾ, ಸಿರಿಯಾ, ಅಫ್ಘಾನಿಸ್ತಾನದವರು ಒಂದೇ ಅಪಾರ್ಟ್‌ಮೆಂಟ್ ಸಾಲಿನಲ್ಲಿ ಅಕ್ಕಪಕ್ಕ ಇದ್ದಾರೆ. ಬೇಸಿಗೆ ರಜೆಯಲ್ಲಿ ಬೇರೆ ರಾಜ್ಯಗಳ ಚರ್ಚುಗಳಿಂದ ಒಂದು ವಾರದ ಮಿಷನ್ ತಂಡಗಳು ಇಲ್ಲಿಗೆ ಬರುತ್ತವೆ. ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಆಟ ಆಡಿಸುವುದು ಇದ್ದದ್ದೇ. ಆದರೆ ಹೊರಗಿನವರು ಒಂದೇ ವಾರದಲ್ಲಿ ಏನನ್ನೂ ಕೆಡಿಸದೆ ಮಾಡಬಹುದಾದ ಕೆಲಸವೊಂದಿದೆ: ಸ್ಥಳೀಯ ಸಭೆಯೋ ಸಂಸ್ಥೆಯೋ ಈಗಾಗಲೇ ನಡೆಸುತ್ತಿರುವ ಪೌರತ್ವ ತರಗತಿಯಲ್ಲಿ ಪಕ್ಕದಲ್ಲಿ ಕುಳಿತು ಅಭ್ಯಾಸ ಮಾಡಿಸುವುದು. ಹೊಸ ತರಗತಿ ಶುರು ಮಾಡುವ ಉತ್ಸಾಹ ಬೇಡ. ವಾರ ಕಳೆದ ಮೇಲೆ ಅದನ್ನು ನಡೆಸುವವರು ಯಾರು?

ಆ ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯನ್ನು ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಪ್ರಶ್ನೋತ್ತರ ಪಟ್ಟಿ, ಫ್ಲ್ಯಾಶ್ ಕಾರ್ಡ್, ಓದುವ ಪದಗಳ ಪಟ್ಟಿ, ಬರೆಯುವ ಪದಗಳ ಪಟ್ಟಿ, ಮಾದರಿ ಸಂದರ್ಶನದ ವಿಡಿಯೊ ಇವೆಲ್ಲ ಸೇರಿ ಒಂದು ಕಿಟ್. ಇದನ್ನೇ ಬಣ್ಣ ಹಚ್ಚಿ ದುಡ್ಡಿಗೆ ಮಾರುವ ಆ್ಯಪ್‌ಗಳೂ ಪುಸ್ತಕಗಳೂ ಬೇಕಾದಷ್ಟಿವೆ, ಹಲವುದರಲ್ಲಿ ಉತ್ತರಗಳು ಹಳತಾಗಿರುತ್ತವೆ. ದುಡ್ಡು ಕೊಡುವ ಅಗತ್ಯವೇ ಇಲ್ಲ.

ಪ್ರಿಂಟ್ ತೆಗೆಯುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ಕಲಿಯುವವರು ಪೌರತ್ವದ ಅರ್ಜಿಯನ್ನು, ಅಂದರೆ ಎನ್-400 ಫಾರಂ ಅನ್ನು, ಯಾವ ದಿನ ಸಲ್ಲಿಸಿದರು? 2025ರ ಅಕ್ಟೋಬರ್ 20ಕ್ಕೆ ಮೊದಲು ಸಲ್ಲಿಸಿದವರಿಗೆ 2008ರ ಪರೀಕ್ಷೆ. ಅದರಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗೆಗಿನ 100 ಪ್ರಶ್ನೆಗಳ ಪಟ್ಟಿಯಿಂದ 10ರವರೆಗೆ ಕೇಳುತ್ತಾರೆ, 6 ಸರಿಯಾದರೆ ಪಾಸು. ಆ ದಿನ ಅಥವಾ ಆಮೇಲೆ ಸಲ್ಲಿಸಿದವರಿಗೆ 2025ರ ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ಅಥವಾ 9 ತಪ್ಪಾದ ಕೂಡಲೇ ಅಧಿಕಾರಿ ನಿಲ್ಲಿಸುತ್ತಾರೆ. ಮೊದಲ ಸಲ ಫೇಲಾದವರಿಗೆ 60ರಿಂದ 90 ದಿನಗಳೊಳಗೆ ಇನ್ನೊಂದು ಅವಕಾಶವಿದೆ, ಅದೂ ಫೇಲಾದ ಭಾಗಕ್ಕೆ ಮಾತ್ರ. ಹಾಗಾಗಿ ಹಳೆಯ ಪಟ್ಟಿಯವರು ತರಗತಿಯಲ್ಲಿ ಒಬ್ಬಿಬ್ಬರಾದರೂ ಉಳಿದಿರಬಹುದು. ಎರಡೂ ಪಟ್ಟಿಗಳನ್ನು ಬೇರೆ ಬೇರೆ ಬಣ್ಣದ ದಪ್ಪ ಕಾಗದದಲ್ಲಿ ಮುದ್ರಿಸಿ, ಒಂದೇ ಮೇಜಿನ ಮೇಲೆ ಇಡಬೇಡಿ. ಹಳೆಯ ಪಟ್ಟಿಯಲ್ಲಿ ಮೊದಲ 13 ರಾಜ್ಯಗಳ ಪೈಕಿ ಮೂರು ಹೇಳಿದರೆ ಸಾಕಿತ್ತು. ಹೊಸದರಲ್ಲಿ ಐದು ಹೇಳಬೇಕು. ಪಶ್ಚಿಮ ಕರಾವಳಿಯ ಸಮುದ್ರ ಯಾವುದು ಎಂಬಂಥ ಸಲೀಸಾದ ಭೂಗೋಳದ ಪ್ರಶ್ನೆಗಳು ಈಗ ಇಲ್ಲ. ಕಾರ್ಡು ಕಲೆಸಿಹೋದರೆ ಕಲಿತವರು ಮೂರು ರಾಜ್ಯ ಹೇಳಿ ಸುಮ್ಮನಾಗುತ್ತಾರೆ.

ಫ್ಲ್ಯಾಶ್ ಕಾರ್ಡುಗಳು ಒಟ್ಟಾರೆ ಚೆನ್ನಾಗಿವೆ. ಅಕ್ಷರ ದೊಡ್ಡದು, ಭಾಷೆ ನೇರ. ಕೊರತೆ ಅಂದರೆ, ಒಂದು ಪ್ರಶ್ನೆಗೆ ಒಪ್ಪುವ ಉತ್ತರಗಳನ್ನೆಲ್ಲ ಒಟ್ಟಿಗೇ ಕೊಟ್ಟುಬಿಡುತ್ತವೆ. ಕಲಿಯುವವರಿಗೆ ಬೇಕಿರುವುದು ಒಂದೇ, ಅದೂ ಬಾಯಿಗೆ ಸುಲಭವಾದದ್ದು. ಸೋಮವಾರ ಬಂದ ಸ್ವಯಂಸೇವಕಿ ಒಂದು ಉತ್ತರ, ಮಂಗಳವಾರ ಬಂದವರು ಇನ್ನೊಂದು ಹೇಳಿಕೊಟ್ಟರೆ ಬುಧವಾರದ ಹೊತ್ತಿಗೆ ಎರಡೂ ಮರೆತಿರುತ್ತವೆ. ಹೊರಡುವ ಮೊದಲೇ ಸ್ಥಳೀಯ ಶಿಕ್ಷಕರನ್ನು ಕೇಳಿ, ಅವರು ಕಲಿಸಿರುವ ಉತ್ತರಕ್ಕೆ ಮಾತ್ರ ಪ್ರತಿ ಕಾರ್ಡಿನಲ್ಲೂ ಹೈಲೈಟರ್ ಎಳೆಯಿರಿ. ತಂಡದ ಎಲ್ಲರೂ ಅದನ್ನೇ ಹೇಳಬೇಕು.

ಬದಲಾಗುವ ಉತ್ತರಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅಧ್ಯಕ್ಷ, ಉಪಾಧ್ಯಕ್ಷ, ಸ್ಪೀಕರ್, ರಾಜ್ಯದ ಗವರ್ನರ್, ಸೆನೆಟರ್, ಆ ಕ್ಷೇತ್ರದ ಪ್ರತಿನಿಧಿ ಇವುಗಳನ್ನು ಇಲಾಖೆಯ ತಾಣದಲ್ಲಿರುವ ಪರಿಷ್ಕೃತ ಉತ್ತರಗಳ ಪುಟದಲ್ಲಿ ನೋಡಿಯೇ ಬರೆಯಬೇಕು. ನ್ಯೂಜೆರ್ಸಿಯಿಂದಲೋ ಟೆಕ್ಸಾಸ್‌ನಿಂದಲೋ ಬಂದ ತಂಡ ರೂಢಿಯಲ್ಲಿ ತನ್ನ ರಾಜ್ಯದ ಗವರ್ನರ್ ಹೆಸರನ್ನೇ ಹೇಳಿಕೊಟ್ಟುಬಿಡುವುದುಂಟು. ಇಲ್ಲಿ ಬೇಕಿರುವುದು ಜಾರ್ಜಿಯಾದ ಉತ್ತರ. ಪ್ರತಿನಿಧಿಯ ಹೆಸರಿಗೆ ಕಲಿಯುವವರ ಮನೆಯ ಪಿನ್ ಕೋಡ್ ಹಾಕಿ ಹುಡುಕಬೇಕು, ಕ್ಲಾರ್ಕ್‌ಸ್ಟನ್‌ನದು 30021. ಗವರ್ನರ್ ಕಾರ್ಡನ್ನು ಪೆನ್ಸಿಲಿನಲ್ಲಿ ಬರೆಯಿರಿ. 2026ರ ನವೆಂಬರ್ ಚುನಾವಣೆಯ ನಂತರ, 2027ರ ಜನವರಿಯಲ್ಲಿ ಜಾರ್ಜಿಯಾಕ್ಕೆ ಹೊಸಬರು ಬರುತ್ತಾರೆ.

ಇಡೀ ಕಿಟ್‌ನಲ್ಲಿ ನನ್ನ ಮಟ್ಟಿಗೆ ಅತ್ಯುತ್ತಮವಾದದ್ದು ಯಾರೂ ಹೆಚ್ಚು ಗಮನಿಸದ ಎರಡು ಪದಪಟ್ಟಿಗಳು. ಓದುವ ಪರೀಕ್ಷೆಯಲ್ಲಿ ಮೂರು ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಓದಬೇಕು, ಬರೆಯುವುದರಲ್ಲಿ ಮೂರರಲ್ಲಿ ಒಂದನ್ನು ಕೇಳಿ ಬರೆಯಬೇಕು. ವಾಕ್ಯಗಳೆಲ್ಲ ಈ ಪಟ್ಟಿಗಳ ಪದಗಳಿಂದಲೇ ಹುಟ್ಟುವಂಥವು. ಸಣ್ಣಪುಟ್ಟ ಕಾಗುಣಿತ ತಪ್ಪಿಗೆ ಫೇಲು ಮಾಡುವುದಿಲ್ಲ, ಅರ್ಥ ಕೆಡದಿದ್ದರೆ ಸಾಕು. ಆದರೆ ಹೇಳಿದ ಪದದ ಬದಲು ಬೇರೆ ಪದ ಬರೆದರೆ ಅಥವಾ ಸಂಕ್ಷಿಪ್ತ ರೂಪ ಬರೆದರೆ ಹೋಯಿತು. ಫೋನಿನಲ್ಲಿ ಮೆಸೇಜ್ ಬರೆದು ರೂಢಿಯಾದ ಯುವಕರು ಎಡವುವುದೇ ಇಲ್ಲಿ. ಅಕ್ಷರ ತಿದ್ದುತ್ತ ಕೂರುವುದಕ್ಕಿಂತ ಪಟ್ಟಿಯ ತಿಂಗಳುಗಳು, ರಜಾದಿನಗಳು, ಊರು ಮತ್ತು ರಾಜ್ಯಗಳ ಹೆಸರುಗಳನ್ನು ಉಕ್ತಲೇಖನ ಮಾಡಿಸಿ. ತಂಡದಲ್ಲಿ ಯಾರಾದರೂ ಒಬ್ಬರು ಅಮೆರಿಕದಲ್ಲೇ ಹುಟ್ಟಿ ಬೆಳೆದವರಿದ್ದರೆ ಓದಿ ಹೇಳುವ ಕೆಲಸ ಅವರದಾಗಲಿ. ನಮ್ಮ ಇಂಗ್ಲಿಷ್ ಉಚ್ಚಾರಣೆಗೆ ಹೊಂದಿಕೊಂಡ ಕಿವಿ ಅಧಿಕಾರಿಯ ಮುಂದೆ ತಬ್ಬಿಬ್ಬಾಗುತ್ತದೆ.

ಕಿಟ್ ನೋಡಿದರೆ ತಿಳಿಯದ ಒಂದು ಅಂಶ: 2018ರಿಂದ ಓದುವ, ಬರೆಯುವ ಪರೀಕ್ಷೆಗಳು ಸಾಮಾನ್ಯವಾಗಿ ಟ್ಯಾಬ್ಲೆಟ್ ಮೇಲೆ ನಡೆಯುತ್ತವೆ. ಕಾಗದದ ಮೇಲೆ ಚೆನ್ನಾಗಿ ಬರೆಯುವ ಐವತ್ತು ದಾಟಿದವರು ಗಾಜಿನ ಮೇಲೆ ಸ್ಟೈಲಸ್ ಜಾರಿದಾಗ ಕಂಗಾಲಾಗುತ್ತಾರೆ. ಅಂಗೈ ತಾಗಿ ಗೆರೆ ಮೂಡುತ್ತದೆ, ಅಕ್ಷರ ದೊಡ್ಡದಾಗಿ ಸಾಲು ಮುಗಿದುಹೋಗುತ್ತದೆ. ಹಳೆಯ ಟ್ಯಾಬ್ಲೆಟ್ ಎರಡು, ರಬ್ಬರ್ ತುದಿಯ ಸ್ಟೈಲಸ್ ನಾಲ್ಕು ಬ್ಯಾಗಿಗೆ ಹಾಕಿಕೊಳ್ಳಿ. ತಂಡ ಒಯ್ಯುವ ಸಾಮಾನಿನಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ.

ಈಗ ಕಿಟ್ ಕೈಕೊಡುವ ಜಾಗಕ್ಕೆ ಬರೋಣ. ಕಾರ್ಡುಗಳಲ್ಲಿರುವ ಇತಿಹಾಸ, ಸರ್ಕಾರದ ಪ್ರಶ್ನೆಗಳು ಪರೀಕ್ಷೆಯ ಒಂದು ತುಂಡು ಮಾತ್ರ. ಇಂಗ್ಲಿಷ್ ಮಾತನ್ನು ಅಳೆಯುವುದು ಎನ್-400 ಅರ್ಜಿಯನ್ನು ಒಂದೊಂದಾಗಿ ಓದುತ್ತ ಅಧಿಕಾರಿ ಕೇಳುವ ಪ್ರಶ್ನೆಗಳಲ್ಲಿ. ವಿಳಾಸ, ಕೆಲಸ, ಪ್ರಯಾಣ ಇವು ಸರಿ. ಆಮೇಲೆ ‘ನೀವು ಎಂದಾದರೂ’ ಎಂದು ಶುರುವಾಗುವ ದೊಡ್ಡ ಸರಣಿ ಬರುತ್ತದೆ: ಎಂದಾದರೂ ಸೇನಾ ಗುಂಪಿನಲ್ಲಿದ್ದಿರಾ, ಜೈಲಿನಲ್ಲಿದ್ದಿರಾ, ಚಿತ್ರಹಿಂಸೆಯಲ್ಲಿ, ನರಮೇಧದಲ್ಲಿ ಪಾಲ್ಗೊಂಡಿದ್ದಿರಾ, ಶಸ್ತ್ರ ತರಬೇತಿ ಪಡೆದಿದ್ದಿರಾ, ತೆರಿಗೆ ಕಟ್ಟದೆ ಬಿಟ್ಟಿದ್ದಿರಾ. ಅಧಿಕಾರಿ ‘ಹಾಗಂದರೇನು’ ಎಂದು ಅರ್ಥವನ್ನೂ ಕೇಳಬಹುದು. ಎಲ್ಲದಕ್ಕೂ ‘ನೋ’ ಎಂದು ಬಾಯಿಪಾಠ ಮಾಡಿದವರು, ಸರಣಿಯ ಕೊನೆಗೆ ಸಂವಿಧಾನವನ್ನು ಬೆಂಬಲಿಸುತ್ತೀರಾ, ನಿಷ್ಠೆಯ ಪ್ರಮಾಣ ಮಾಡಲು ಸಿದ್ಧರಿದ್ದೀರಾ ಎಂದಾಗಲೂ ‘ನೋ’ ಎಂದುಬಿಡುತ್ತಾರೆ. ಕಿಟ್‌ನ ವಿಡಿಯೊದಲ್ಲಿ ಅಧಿಕಾರಿ ನಿಧಾನವಾಗಿ, ಸ್ಪಷ್ಟವಾಗಿ ಮಾತಾಡುತ್ತಾರೆ. ನಿಜವಾದ ಕೋಣೆಯಲ್ಲಿ ಆ ಭರವಸೆ ಇಲ್ಲ.

ಆದ್ದರಿಂದ ತಂಡದ ಸಮಯದ ಅರ್ಧದಷ್ಟನ್ನು ಮಾದರಿ ಸಂದರ್ಶನಕ್ಕೆ ಇಡಬೇಕು. ಬಾಗಿಲು ತಟ್ಟಿ ಒಳಬರುವುದು, ಬಲಗೈ ಎತ್ತಿ ಪ್ರಮಾಣ ಮಾಡುವುದು, ‘ಇವತ್ತು ಹೇಗೆ ಬಂದಿರಿ’ ಎಂಬ ಹರಟೆಗೆ ಉತ್ತರಿಸುವುದು, ಅರ್ಥವಾಗದಿದ್ದಾಗ ‘ದಯವಿಟ್ಟು ಇನ್ನೊಮ್ಮೆ ಹೇಳಿ’ ಎನ್ನುವುದು, ಎಲ್ಲ ಅಭ್ಯಾಸವಾಗಬೇಕು. ಈ ಕೊನೆಯದನ್ನು ಕೇಳಲು ಜನ ಹೆದರುತ್ತಾರೆ, ಕೇಳಿದರೆ ಫೇಲು ಎಂದುಕೊಂಡಿರುತ್ತಾರೆ. ಮರುಕೇಳುವುದು ತಪ್ಪಲ್ಲ, ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಲು ಅಧಿಕಾರಿಗೂ ಅವಕಾಶವಿದೆ. ಕಾಂಗೊದಿಂದಲೋ ಮ್ಯಾನ್ಮಾರಿನಿಂದಲೋ ಬಂದವರಿಗೆ ಸೇನಾ ಗುಂಪು, ಜೈಲು ಎಂಬ ಪ್ರಶ್ನೆಗಳು ಬರೀ ಇಂಗ್ಲಿಷ್ ಪಾಠವಲ್ಲ ಎಂಬುದು ನೆನಪಿರಲಿ. ನಗುತ್ತ, ಆಟದಂತೆ ಕೇಳಬೇಡಿ. ಹದಿಹರೆಯದ ಸ್ವಯಂಸೇವಕರಿಗೆ ಈ ಭಾಗ ಕೊಡಲೇಬೇಡಿ. ಯಾರಾದರೂ ಒಂದು ಪ್ರಶ್ನೆಗೆ ‘ಹೌದು’ ಎಂದರೆ ಅಲ್ಲಿಗೇ ನಿಲ್ಲಿಸಿ. ವಿವರ ಕೇಳಬಾರದು, ಬರೆದುಕೊಳ್ಳಬಾರದು, ‘ಇಲ್ಲ ಅನ್ನಿ’ ಎಂದಂತೂ ಹೇಳಿಕೊಡಬಾರದು. ಆತಿಥೇಯ ಸಂಸ್ಥೆಯ ಮೂಲಕ ವಕೀಲರಿಗೆ ಅಥವಾ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗೆ ಒಪ್ಪಿಸಿ.

ಅರ್ಜಿ ತುಂಬಿಕೊಡುವುದಕ್ಕೂ ಇದೇ ಗೆರೆ. ಅರ್ಹತೆಯ ಬಗ್ಗೆ ಸಲಹೆ ಕೊಡುವುದು, ಯಾವ ಕಾಲಂನಲ್ಲಿ ಏನು ಬರೆಯಬೇಕೆಂದು ಹೇಳುವುದು ಕಾನೂನಿನ ಕೆಲಸ. ಒಳ್ಳೆಯ ಮನಸ್ಸಿದೆ ಎಂದು ಪರವಾನಗಿ ಇಲ್ಲದವರು ಮಾಡಿದರೆ ಅಪರಾಧವಾಗಬಹುದು, ಅರ್ಜಿದಾರರಿಗೆ ಗಡೀಪಾರಿನ ಆಪತ್ತೂ ಬರಬಹುದು. ತಾವೇ ಗ್ರೀನ್ ಕಾರ್ಡ್, ಪೌರತ್ವದ ದಾರಿಯಲ್ಲಿ ಬಂದ ಕನ್ನಡಿಗರು ಈ ವಿಷಯದಲ್ಲಿ ವಿಶೇಷವಾಗಿ ನಾಲಿಗೆ ಹಿಡಿಯಬೇಕು. ಕಂಪನಿಯ ವಕೀಲರು ಎಲ್ಲ ನೋಡಿಕೊಂಡ ಎಚ್-1ಬಿ ಅನುಭವ ನಿರಾಶ್ರಿತರ ಕಡತಕ್ಕೆ ಹೊಂದುವುದಿಲ್ಲ. ಸ್ವಯಂಸೇವಕರು ಹೇಳಬಹುದಾದದ್ದು ಸಾರ್ವಜನಿಕ ಮಾಹಿತಿ ಮಾತ್ರ: 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಶುಲ್ಕ ಆನ್‌ಲೈನ್‌ನಲ್ಲಿ 710 ಡಾಲರ್, ಕಾಗದದಲ್ಲಾದರೆ 760; ಆದಾಯ ಕಡಿಮೆಯಿದ್ದರೆ 380ಕ್ಕೆ ಇಳಿಯಬಹುದು ಅಥವಾ ಐ-912 ಫಾರಂ ಮೂಲಕ ಪೂರ್ತಿ ಮನ್ನಾ ಕೇಳಬಹುದು.

ಹಿರಿಯರ ವಿನಾಯಿತಿಗಳನ್ನು ತಂಡದ ಎಲ್ಲರೂ ತಿಳಿದಿರಬೇಕು, ಇಲ್ಲವಾದರೆ ಎಪ್ಪತ್ತರ ಅಜ್ಜಿಗೆ 128 ಕಾರ್ಡು ಹಿಡಿಸಿ ಗೋಳುಹೊಯ್ಯುತ್ತೀರಿ. 65 ವರ್ಷ ತುಂಬಿ, 20 ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ ಗುರುತು ಹಾಕಿದ 20 ಪ್ರಶ್ನೆಗಳಷ್ಟೇ. 10 ಕೇಳುತ್ತಾರೆ, 6 ಸಾಕು. ಅವರಿಗೂ, 50 ತುಂಬಿ 20 ವರ್ಷ ಇದ್ದವರಿಗೂ, 55 ತುಂಬಿ 15 ವರ್ಷ ಇದ್ದವರಿಗೂ ಇಂಗ್ಲಿಷ್ ಬೇಕಿಲ್ಲ, ತಮ್ಮ ಭಾಷೆಯಲ್ಲೇ ಉತ್ತರಿಸಬಹುದು; ದುಭಾಷಿಯನ್ನು ಅವರೇ ಕರೆತರಬೇಕು. ಕಾಯಿಲೆಯ ಕಾರಣಕ್ಕೆ ಕಲಿಯಲಾಗದವರಿಗೆ ವಿನಾಯಿತಿ ಕೇಳುವ ಎನ್-648 ಫಾರಂ ಇದೆ, ಆದರೆ ಅದಕ್ಕೆ ವೈದ್ಯರೋ ಕ್ಲಿನಿಕಲ್ ಮನೋವಿಜ್ಞಾನಿಯೋ ಸಹಿ ಹಾಕಬೇಕು. ವಯಸ್ಸು, ಅನಕ್ಷರತೆ ಮಾತ್ರ ಕಾರಣವಾಗದು.

ಸುವಾರ್ತೆಯ ವಿಷಯ. ತರಗತಿಗೆ ಫೆಡರಲ್ ಅನುದಾನ ಬರುತ್ತಿದ್ದರೆ ಪ್ರಾರ್ಥನೆ, ಬೈಬಲ್ ಅಧ್ಯಯನ ಬೇರೆ ಸಮಯದಲ್ಲೋ ಬೇರೆ ಜಾಗದಲ್ಲೋ ನಡೆಯಬೇಕು, ಬರುವುದು ಬಿಡುವುದು ಕಲಿಯುವವರ ಇಷ್ಟ. ಅನುದಾನ ಇಲ್ಲದಿದ್ದರೂ ಅದೇ ಸರಿ. ಕಾರ್ಡುಗಳ ನಡುವೆ ಕರಪತ್ರ ತುರುಕುವುದು ಕೆಟ್ಟ ಅಭ್ಯಾಸ. ಅಷ್ಟಕ್ಕೂ ಎದುರಿಗೆ ಕುಳಿತವರು ಯಾರು ಎಂದು ಮೊದಲು ತಿಳಿಯಿರಿ. ಕರೆನ್ ಜನರಲ್ಲಿ ಮೊದಲ ಬ್ಯಾಪ್ಟಿಸ್ಟ್ ದೀಕ್ಷಾಸ್ನಾನ ನಡೆದದ್ದು 1828ರಲ್ಲಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು ಅದಕ್ಕಿಂತ ಆರು ವರ್ಷ ತಡವಾಗಿ, 1834ರಲ್ಲಿ. ಚಿನ್ ಜನರಲ್ಲಿ, ಕಾಂಗೊದವರಲ್ಲಿ ಬಹುಪಾಲು ಕ್ರೈಸ್ತರೇ. ಭಾನುವಾರ ಅವರ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ತಂಡದ ಕಾರ್ಯಕ್ರಮದಲ್ಲಿರಲಿ.

ತಂಡದ ಗಾತ್ರ ಆರರಿಂದ ಎಂಟು ಜನ ಸಾಕು. ಒಬ್ಬರಿಗೆ ಇಬ್ಬರು ಕಲಿಯುವವರು, ಅದಕ್ಕಿಂತ ಹೆಚ್ಚು ಬೇಡ. 90 ನಿಮಿಷದ ಪಾಳಿಯಲ್ಲಿ 20 ನಿಮಿಷ ಕಾರ್ಡು, ಹೊಸದು ಎಂಟನ್ನು ಮೀರದಂತೆ, 20 ನಿಮಿಷ ಓದು-ಬರಹ, ಚಹಾಕ್ಕೆ 5, ಉಳಿದದ್ದು ಸಂದರ್ಶನ. ಹೆಚ್ಚಿನವರು ಕಾರ್ಖಾನೆಯ ಪಾಳಿ ಮುಗಿಸಿ ಬರುವುದರಿಂದ ಸಂಜೆಯ ತರಗತಿ ಎರಡು ಗಂಟೆಗೆ ಎಳೆದರೆ ಕೊನೆಯ ಅರ್ಧ ಗಂಟೆ ನೀರಿಗೆ ಹಾಕಿದಂತೆ.

ಇನ್ನು ಫೋಟೊ. 2025ರ ಜನವರಿಯಲ್ಲಿ ಚರ್ಚ್, ಶಾಲೆಗಳ ಬಳಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗಿದ್ದ ಹಳೆಯ ನಿರ್ಬಂಧವನ್ನು ಸರ್ಕಾರ ಹಿಂತೆಗೆದುಕೊಂಡಿತು, ನಿರಾಶ್ರಿತರ ಆಗಮನವನ್ನೂ ತಡೆಹಿಡಿಯಿತು. ಕಾಗದಪತ್ರ ಸರಿಯಿರುವವರಲ್ಲೂ ಅಂಜಿಕೆ ಇದೆ. ಮುಖ ಕಾಣುವ ಚಿತ್ರ ಬೇಡ, ಹಾಜರಿ ಪಟ್ಟಿಯಲ್ಲಿ ಗ್ರೀನ್ ಕಾರ್ಡಿನ ಎ-ಸಂಖ್ಯೆ (ವಲಸೆ ಕಡತದ ಗುರುತಿನ ಸಂಖ್ಯೆ) ಬೇಡ, ‘ಯಾವ ವೀಸಾ’ ಎಂಬ ಕುತೂಹಲವೂ ಬೇಡ.

ಅಂಕ ಕೊಡುವುದಾದರೆ ಪದಪಟ್ಟಿಗಳಿಗೆ ಐದಕ್ಕೆ ಐದು, ಕಾರ್ಡುಗಳಿಗೆ ನಾಲ್ಕು, ಸಂದರ್ಶನದ ತಯಾರಿಗೆ ಎರಡು. ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಿ, ಬದಲಾಗುವ ಉತ್ತರದವುಗಳನ್ನು ಮಾತ್ರ ಹಾಗೇ ಬಿಟ್ಟು, ಪರಿಷ್ಕರಿಸಿದ ದಿನಾಂಕವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆಯಿರಿ. ಹೊರಡುವಾಗ ಡಬ್ಬಿ, ಟ್ಯಾಬ್ಲೆಟ್, ಸ್ಟೈಲಸ್ ಎಲ್ಲವೂ ಸ್ಥಳೀಯ ಶಿಕ್ಷಕರ ಬೀರುವಿನಲ್ಲೇ ಉಳಿಯಲಿ.