ಹೊಸ ಫೋನಿನ ಬಿಲ್ಡಪ್ಪು, ಹೋದ್ವರ್ಷದ ಫ್ಲಾಗ್‌ಶಿಪ್ಪು: ಮೂರು ವಾರ ಎರಡನ್ನೂ ಬಳಸಿ ನೋಡಿದ್ದು

ನನ್ನ ಹಳೇ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಕೊಡೋಕೆ ಶುರು ಮಾಡಿದ್ಮೇಲೆ ಹೊಸದು ತಗೊಳ್ಳೇಬೇಕು ಅಂತಾಯ್ತು, ಸರಿಯಾಗಿ ಅದೇ ಹೊತ್ತಿಗೆ ಈ ಫೋನ್ ಲಾಂಚ್ ಆಯ್ತು. 200 ಮೆಗಾಪಿಕ್ಸೆಲ್ ಕ್ಯಾಮೆರಾ, 7000 ಎಂಎಎಚ್ ಬ್ಯಾಟರಿ, 100 ವ್ಯಾಟ್ ಚಾರ್ಜಿಂಗು, 4500 ನಿಟ್ಸ್ ಹೊಳಪಿನ ಡಿಸ್ಪ್ಲೇ, 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ವರ್ಚುವಲ್ ರ‍್ಯಾಮು, ಇಷ್ಟರ ಮೇಲೆ ಎಐ. ಲಾಂಚ್ ವಿಡಿಯೋ ಮುಗಿಯೋ ಹೊತ್ತಿಗೆ ನನ್ನ ಮನಸ್ಸಲ್ಲಿ ಬೇರೆ ಯಾವ ಫೋನಿಗೂ ಜಾಗ ಉಳಿದಿರ್ಲಿಲ್ಲ. ತಮ್ಮ ಮಾತ್ರ ಒಪ್ಲಿಲ್ಲ. ಅವನ ಹತ್ರ ಇರೋದು ಇನ್ನೊಂದು ಕಂಪನಿಯ ಹೋದ್ವರ್ಷದ ಫ್ಲಾಗ್‌ಶಿಪ್, ಅಂದ್ರೆ ಆ ಕಂಪನಿಯ ಟಾಪ್ ಮಾಡೆಲ್, ಅದ್ರ ರೇಟು ಇಳಿದು ಇಳಿದು ಈಗ ಹೆಚ್ಚುಕಮ್ಮಿ ಈ ಹೊಸದ್ರ ಪಕ್ಕಕ್ಕೇ ಬಂದು ನಿಂತಿದೆ. "ಅಕ್ಕ, ಅದೇ ದುಡ್ಡಿಗೆ ಇದೂ ಸಿಗತ್ತೆ, ಒಂದಷ್ಟು ದಿನ ಎರಡನ್ನೂ ಬಳಸಿ ನೋಡು, ಆಮೇಲೆ ಮಾತಾಡೋಣ" ಅಂದ. ಅಷ್ಟರಲ್ಲಿ ನಾನು ಆರ್ಡರ್ ಮಾಡಿ ಆಗಿತ್ತು. ಸರಿ ಅಂತ ಮೊದಲೆರಡು ವಾರ ಎರಡೂ ಫೋನ್ ನಾನೇ ಇಟ್ಕೊಂಡೆ, ಅವನು ನನ್ನ ಹಳೇದ್ರಲ್ಲಿ ಸುಧಾರಿಸ್ಕೊಂಡ, ಕೊನೇ ವಾರ ಹೊಸದು ಅವನ ಕೈಗೆ ಕೊಟ್ಟು ಅವನದನ್ನ ನಾನು ಬಳಸ್ದೆ. ಫೋನುಗಳ ಹೆಸರು ಬರೀತಿಲ್ಲ, ಈ ರೇಂಜಲ್ಲಿ ಬರೋ ಬೇಕಾದಷ್ಟು ಫೋನುಗಳಿಗೆ ಇದೇ ಮಾತು ಅನ್ವಯಿಸತ್ತೆ.

ಕ್ಯಾಮೆರಾದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲಕ್ಕಿಂತ ದೊಡ್ಡ ಬಿಲ್ಡಪ್ ಅದಕ್ಕೇ ಇತ್ತು. 200 ಅನ್ನೋ ನಂಬರು ಬಾಕ್ಸ್ ಮೇಲೂ ಇದೆ, ಫೋನಿನ ಬೆನ್ನಲ್ಲೂ ಇದೆ. ಆದ್ರೆ ಕ್ಯಾಮೆರಾ ಓಪನ್ ಮಾಡಿ ಸುಮ್ನೆ ಕ್ಲಿಕ್ ಮಾಡಿದ್ರೆ ಬರೋ ಫೋಟೋ 200 ಅಲ್ಲ, 12.5 ಮೆಗಾಪಿಕ್ಸೆಲ್. ಈ ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್ ಬರೀ 0.56 ಮೈಕ್ರೋಮೀಟರ್, ಅಷ್ಟು ಸಣ್ಣದ್ರ ಮೇಲೆ ಬೀಳೋ ಬೆಳಕು ಸಾಲಲ್ಲ ಅಂತ ಅಕ್ಕಪಕ್ಕದ 16 ಪಿಕ್ಸೆಲ್ ಸೇರಿಸಿ ಒಂದು ಪಿಕ್ಸೆಲ್ ಮಾಡ್ಕೊಳ್ಳತ್ತೆ, ಇದಕ್ಕೆ ಪಿಕ್ಸೆಲ್ ಬಿನ್ನಿಂಗ್ ಅಂತಾರೆ, 200ನ್ನ 16ರಿಂದ ಭಾಗಿಸಿದ್ರೆ 12.5. ತಮ್ಮನ ಫೋನಲ್ಲಿರೋದು 50 ಮೆಗಾಪಿಕ್ಸೆಲ್ ಸೆನ್ಸರು, ಅದು ನಾಲ್ಕು ಸೇರಿಸಿ ಒಂದು ಮಾಡತ್ತೆ, 50ನ್ನ 4ರಿಂದ ಭಾಗಿಸಿ ನೋಡಿ, ಅಲ್ಲೂ 12.5! ಅಂದ್ರೆ ದಿನಾ ನಾವು ತೆಗೆಯೋ ಫೋಟೋ ಎರಡರಲ್ಲೂ ಒಂದೇ ಸೈಜು. ಅವನದ್ರಲ್ಲಿ ಪಿಕ್ಸೆಲ್ 1.2 ಮೈಕ್ರೋಮೀಟರ್, ಸೇರಿಸಿದ್ಮೇಲೆ 2.4 ಆಗತ್ತೆ, ಹೊಸದ್ರಲ್ಲಿ ಸೇರಿಸಿದ್ಮೇಲೂ 2.24ಕ್ಕೇ ನಿಲ್ಲತ್ತೆ. ಬೆಳಕು ಹಿಡಿಯೋದ್ರಲ್ಲಿ 50ರದ್ದೇ ಒಂದು ಕೈ ಮೇಲು. ಇದೇನೂ ಹೊಸ ಉಪಾಯನೂ ಅಲ್ಲ, 2012ರಲ್ಲೇ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್ ಇಟ್ಕೊಂಡು ಅದನ್ನ ಕುಗ್ಗಿಸಿ 5 ಮೆಗಾಪಿಕ್ಸೆಲ್ ಫೋಟೋ ಕೊಡ್ತಿತ್ತು, ಆದ್ರೆ ಅದ್ರ ಸೆನ್ಸರೇ ದೊಡ್ಡದಿತ್ತು, 1/1.2 ಇಂಚು.

ಲೆಕ್ಕ ಬಿಡಿ, ನಂಗೆ ವ್ಯತ್ಯಾಸ ಗೊತ್ತಾಗಿದ್ದು ಮಗಳ ಫೋಟೋದಲ್ಲಿ. ಸಂಜೆ, ಒಂದೇ ಟ್ಯೂಬ್‌ಲೈಟು, ಅವಳು ಸೋಫಾ ಮೇಲಿಂದ ಬೊಂಬೆ ಹಿಡ್ಕೊಂಡು ಕೆಳಗೆ ಹಾರ್ತಿದ್ದಾಳೆ, ಮತ್ತೆ ಹತ್ತೋದು ಮತ್ತೆ ಹಾರೋದು, ಹೇಗೂ ನಿಲ್ಸಲ್ಲ ಅಂತ ಗೊತ್ತಾಗಿ ಎರಡೂ ಫೋನ್ ತಗೊಂಡು ಒಂದಾದ್ಮೇಲೆ ಒಂದ್ರಲ್ಲಿ ತೆಗೀತಾ ಹೋದೆ. ಹೊಸದ್ರಲ್ಲಿ ಬಟನ್ ಒತ್ತಿದ್ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಳೆದು ಫೋಟೋ ಆಗತ್ತೆ, ಅಷ್ಟರಲ್ಲಿ ಅವಳು ನೆಲ ಮುಟ್ಟಿರ್ತಾಳೆ. ಸಿಕ್ಕಿದ ಒಂದೆರಡರಲ್ಲೂ ಮುಖ ಪರವಾಗಿಲ್ಲ, ಆದ್ರೆ ಕೈ ಇರ್ಬೇಕಾದ ಜಾಗದಲ್ಲಿ ಬಣ್ಣ ಒರೆಸಿದ ಹಾಗೆ ಒಂದು ಗೆರೆ, ಬೆರಳು ಎಣಿಸೋಕೆ ಆಗಲ್ಲ. ತಮ್ಮನದ್ರಲ್ಲಿ ಗಾಳೀಲಿ ಹಾರಿದ ಕೂದಲು, ಬೊಂಬೆಯ ಬಿಚ್ಚಿಹೋಗಿದ್ದ ಲೇಸು, ಬಾಯಿ ತೆಗೆದಾಗ ಕಾಣೋ ಬಿದ್ದ ಹಲ್ಲಿನ ಸಂದು, ಎಲ್ಲಾ ಬಂದಿತ್ತು. ಹೊಸದ್ರಲ್ಲೂ ಓಐಎಸ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದ್ರೆ ಓಐಎಸ್ ಸರಿ ಮಾಡೋದು ನಮ್ಮ ಕೈ ನಡುಗೋದನ್ನ, ಎದುರಿಗಿರೋರು ಅಲ್ಲಾಡಿದ್ರೆ ಅದ್ರ ಕೈಲಿ ಏನೂ ಆಗಲ್ಲ, ಅಲ್ಲಿ ಶಟರ್ ಎಷ್ಟು ಬೇಗ ಮುಚ್ಚತ್ತೆ ಅನ್ನೋದೇ ಮುಖ್ಯ, ಬೇಗ ಮುಚ್ಚಬೇಕಂದ್ರೆ ಬೆಳಕು ಸಾಕಷ್ಟು ಸಿಗ್ಬೇಕು.

ಹಾಗಂತ 200 ಮೆಗಾಪಿಕ್ಸೆಲ್ ಪೂರ್ತಿ ಸುಳ್ಳು ಅಂತ ಹೇಳಲ್ಲ. ಒಳ್ಳೇ ಬಿಸಿಲಲ್ಲಿ, ಅಲ್ಲಾಡದೆ ಇರೋ ವಸ್ತು ಇಟ್ಕೊಂಡು, ಸೆಟ್ಟಿಂಗಲ್ಲಿ ಆ ಮೋಡ್ ಆನ್ ಮಾಡಿ ತೆಗೆದೆ, ದೂರದ ಕಟ್ಟಡದ ಬೋರ್ಡಿನ ಅಕ್ಷರ ಝೂಮ್ ಮಾಡಿ ಓದೋಕೆ ಆಯ್ತು, ತಮ್ಮನ ಫೋನಿನ ಮೇನ್ ಕ್ಯಾಮೆರಾದಲ್ಲಿ ಅದು ಮಸುಕು. ಆದ್ರೆ ಒಂದೊಂದು ಫೈಲು 40 ಎಂಬಿ ದಾಟತ್ತೆ, ಸೇವ್ ಆಗೋಕೂ ಕಾಯ್ಬೇಕು, ಯಾರಿಗಾದ್ರೂ ಕಳಿಸಿದ್ರೆ ಮೆಸೇಜಿಂಗ್ ಆಪ್ ಅದನ್ನ ಕಂಪ್ರೆಸ್ ಮಾಡಿ ಪಡೆದ ಲಾಭವನ್ನೆಲ್ಲ ಅಳಿಸಿ ಹಾಕತ್ತೆ. ಮತ್ತೆ ತಮ್ಮನದ್ರಲ್ಲಿ ದೂರದ್ದನ್ನ ಹತ್ರ ತರೋಕೆ ಅಂತ ಬೇರೆ ಟೆಲಿಫೋಟೋ ಲೆನ್ಸೇ ಇದೆ, ಅದಕ್ಕೆ ಹೋದ್ರೆ ಅದೇ ಬೋರ್ಡು ಇನ್ನೂ ಚೆನ್ನಾಗಿ ಬರತ್ತೆ. ಹೊಸದ್ರಲ್ಲಿ ಆ ಜಾಗದಲ್ಲಿ ಇರೋದು ತೀರಾ ಹತ್ರದಿಂದ ತೆಗೆಯೋ 2 ಮೆಗಾಪಿಕ್ಸೆಲ್ ಮ್ಯಾಕ್ರೋ, ಹೂವಿನ ಫೋಟೋ ನಾಲ್ಕು ತೆಗೆದು ಬಿಟ್ಟೆ, ಅದ್ರಿಂದ ಉಪಯೋಗ ಇಲ್ಲ.

ಬ್ಯಾಟರಿ ವಿಷಯಕ್ಕೆ ಬಂದ್ರೆ ಮಾತ್ರ ಹೊಸದಕ್ಕೆ ಮನಸಾರೆ ಹೊಗಳಿಕೆ ಸಲ್ಲಬೇಕು, ಇಲ್ಲಿ ಹೇಳಿದ್ದೆಲ್ಲ ನಿಜ. ಶುಕ್ರವಾರ ಬೆಳಗ್ಗೆ ಆರಕ್ಕೆ ಚಾರ್ಜರ್‌ನಿಂದ ತೆಗೆದಿದ್ದು, ಎರಡು ದಿನ ಮ್ಯಾಪು, ಕಾಲು, ಅರ್ಧ ಗಂಟೆಯ ಎರಡು ವಿಡಿಯೋ ಕಾಲು, ರಾತ್ರಿ ಓದು ಎಲ್ಲಾ ಆಗಿ ಶನಿವಾರ ರಾತ್ರಿ ಒಂಬತ್ತಕ್ಕೆ ಇನ್ನೂ 18 ಪರ್ಸೆಂಟ್ ಇತ್ತು. ತಮ್ಮನದು ಅದೇ ಬಳಕೆಗೆ ಒಂದು ದಿನ, ರಾತ್ರಿ ಮಲಗೋ ಮುಂಚೆ ಚಾರ್ಜಿಗೆ ಹಾಕ್ಲೇಬೇಕು. ಇಷ್ಟು ತೆಳ್ಳಗಿನ ಫೋನಲ್ಲಿ 7000 ಎಂಎಎಚ್ ಹೇಗೆ ಹಿಡೀತು ಅಂದ್ರೆ ಸಿಲಿಕಾನ್ ಕಾರ್ಬನ್ ಬ್ಯಾಟರಿ. ಮಾಮೂಲಿ ಲಿಥಿಯಂ ಬ್ಯಾಟರಿಯ ಆನೋಡ್‌ನಲ್ಲಿರೋ (ಚಾರ್ಜ್ ಮಾಡಿದಾಗ ಲಿಥಿಯಂ ಹಿಡಿದಿಡೋ ಭಾಗ) ಗ್ರಾಫೈಟಿಗೆ ಒಂದು ಗ್ರಾಮಿಗೆ 372 ಎಂಎಎಚ್ ಅನ್ನೋದು ಥಿಯರಿ ಪ್ರಕಾರದ ಮಿತಿ, ಸಿಲಿಕಾನಿಗೆ ಅದ್ರ ಹತ್ತು ಪಟ್ಟಿನ ಹತ್ರ ಹಿಡಿಯೋ ಶಕ್ತಿ ಇದೆ, ಆದ್ರೆ ಚಾರ್ಜ್ ಆಗ್ತಾ ಊದ್ಕೊಳ್ಳತ್ತೆ, ಖಾಲಿ ಆಗ್ತಾ ಕುಗ್ಗತ್ತೆ, ಹಾಗೇ ಬಿಟ್ರೆ ಒಡೆದು ಪುಡಿಯಾಗತ್ತೆ, ಅದಕ್ಕೇ ಕಾರ್ಬನ್ ಜೊತೆ ಸೇರಿಸಿ ಹದ್ದುಬಸ್ತಲ್ಲಿ ಇಡ್ತಾರೆ. ನಾಲ್ಕು ವರ್ಷ ಆದ್ಮೇಲೆ ಇದು ಹೇಗಿರತ್ತೆ ಅನ್ನೋದು ಬಳಸಿಯೇ ನೋಡ್ಬೇಕು, ಮೂರು ವಾರದಲ್ಲಿ ತಿಳಿಯೋ ವಿಷಯ ಅಲ್ಲ.

ಚಾರ್ಜಿಂಗ್ ಮಾತ್ರ ಅರ್ಧ ನಿಜ. ಕಂಪನಿ ಅಡಾಪ್ಟರು, ಕಂಪನಿ ಕೇಬಲ್ಲು ಎರಡೂ ಇದ್ರೆ ಸೊನ್ನೆಯಿಂದ ಅರ್ಧ ಬೇಗ ತುಂಬತ್ತೆ, ಸ್ನಾನ ಮಾಡಿ ಬರೋಷ್ಟರಲ್ಲಿ ಆಗಿರತ್ತೆ. ಆಮೇಲೆ ನಿಧಾನ, 80 ದಾಟಿದ್ಮೇಲಂತೂ ತೆವಳತ್ತೆ. ಇದು ತಪ್ಪಲ್ಲ, ಬ್ಯಾಟರಿ ತುಂಬ್ತಾ ಬಂದ ಹಾಗೆ ಕರೆಂಟ್ ಇಳಿಸ್ಲೇಬೇಕು, 100 ವ್ಯಾಟ್ ಅನ್ನೋದು ಶುರುವಿನ ಸ್ವಲ್ಪ ಹೊತ್ತಿನ ಮಾತು. ಬೇಜಾರಾಗಿದ್ದು ಬೇರೆ ಕಾರಣಕ್ಕೆ. ತಮ್ಮನ ಯುಎಸ್‌ಬಿ ಪಿಡಿ ಚಾರ್ಜರ್ (ಬೇರೆ ಬೇರೆ ಕಂಪನಿ ಫೋನಿಗೂ ಹೊಂದೋ ಥರದ್ದು) ಹಾಕಿ, ಮಧ್ಯ ಮೀಟರ್ ಸಿಕ್ಕಿಸಿ ನೋಡಿದ್ರೆ 27 ವ್ಯಾಟ್ ದಾಟ್ಲೇ ಇಲ್ಲ. ಅಂದ್ರೆ ಪ್ರಯಾಣದಲ್ಲಿ ಆ ದಪ್ಪ ಇಟ್ಟಿಗೆಯಂಥ ಅಡಾಪ್ಟರ್ ಹೊತ್ಕೊಂಡೇ ಹೋಗ್ಬೇಕು.

ಡಿಸ್ಪ್ಲೇ ಎರಡೂ 120 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಬದಲಾಯಿಸೋವು, ಎರಡೂ ಚೆಂದ, ಮನೆಯೊಳಗೆ ಪಕ್ಕಪಕ್ಕ ಇಟ್ರೆ ಯಾವುದು ಯಾವುದು ಅಂತ ಹೇಳೋದು ಕಷ್ಟ. 4500 ನಿಟ್ಸ್ ಅನ್ನೋದು ಸ್ಕ್ರೀನಿನ ಒಂದು ಪುಟ್ಟ ಭಾಗ ಮಾತ್ರ ಹೊಳೆಯುವಾಗ ಅಳೆದ ಲೆಕ್ಕ, ಪೂರ್ತಿ ಸ್ಕ್ರೀನ್ ಬೆಳ್ಳಗಿದ್ದಾಗ ಅದ್ರ ಹತ್ರಕ್ಕೂ ಬರಲ್ಲ. ಬಿಸಿಲಲ್ಲಿ ಮ್ಯಾಪ್ ಹಾಕ್ಕೊಂಡು ನಡ್ಕೊಂಡು ಹೋಗ್ತಿದ್ದಾಗ ಹೊಸದು ಹತ್ತು ನಿಮಿಷಕ್ಕೆ ಬಿಸಿಯಾಗಿ ತಾನಾಗೇ ಮಂಕಾಯ್ತು, ಕೈಯಿಂದ ನೆರಳು ಮಾಡ್ಕೊಂಡು ಓದ್ಬೇಕಾಯ್ತು, ತಮ್ಮನದು ಪೇಪರಲ್ಲಿ ಕಮ್ಮಿ ನಿಟ್ಸ್ ಇದ್ರೂ ಆ ದಾರಿ ಪೂರ್ತಿ ಓದೋ ಹಾಗೇ ಇತ್ತು. ವರ್ಚುವಲ್ ರ‍್ಯಾಮ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ಸ್ಟೋರೇಜಿನ ಒಂದು ತುಂಡನ್ನ ರ‍್ಯಾಮ್ ಥರ ಬಳಸೋದು, ಸ್ಟೋರೇಜ್ ಯಾವತ್ತೂ ರ‍್ಯಾಮಿನಷ್ಟು ಫಾಸ್ಟ್ ಅಲ್ಲ, ಆನ್ ಇಟ್ಟು ಆಫ್ ಇಟ್ಟು ಎರಡೂ ನೋಡ್ದೆ, ನಂಗೆ ಯಾವ ಫರಕೂ ಕಾಣ್ಲಿಲ್ಲ, ಆಫ್ ಮಾಡಿ ಜಾಗ ಉಳಿಸ್ಕೊಂಡೆ.

ಪೋಸ್ಟರ್ ಮೇಲೆ ಬರೆಯದೇ ಇರೋದನ್ನ ಹುಡುಕಿ ಓದೋ ಅಭ್ಯಾಸ ನಂಗೆ ಈ ಮೂರು ವಾರದಲ್ಲೇ ಬಂತು. ಹೊಸದ್ರ ಸ್ಪೆಸಿಫಿಕೇಷನ್ ಪಟ್ಟಿಯ ತೀರಾ ಕೆಳಗೆ ಎರಡು ಸಾಲಿದೆ: ಸ್ಟೋರೇಜು ಯುಎಫ್‌ಎಸ್ 3.1, ಪೋರ್ಟು ಯುಎಸ್‌ಬಿ 2.0. ತಮ್ಮನದು ಯುಎಫ್‌ಎಸ್ 4.0, ಯುಎಸ್‌ಬಿ 3.2. ಈ ನಂಬರು ದೊಡ್ಡದಿದ್ರೆ ವೇಗ ಜಾಸ್ತಿ ಅಂತ ಅರ್ಥ. ಹಳೇ ವಿಡಿಯೋಗಳೆಲ್ಲ ಸೇರಿ ಒಂದು 60 ಜಿಬಿ ಇತ್ತು, ಲ್ಯಾಪ್‌ಟಾಪಿಗೆ ಕಾಪಿ ಮಾಡೋಕೆ ಹಾಕ್ದೆ, ತಮ್ಮನ ಫೋನಿಂದ ಐದಾರು ನಿಮಿಷದಲ್ಲಿ ಮುಗೀತು, ಹೊಸದ್ರಿಂದ ಅರ್ಧ ಗಂಟೆ ಹಿಡೀತು. ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ಮಿತಿಯದ್ದು, 2000ನೇ ಇಸವಿಯಲ್ಲಿ ಬಂದ ಸ್ಟ್ಯಾಂಡರ್ಡು. 200 ಮೆಗಾಪಿಕ್ಸೆಲ್ ಫೈಲ್ ಹುಟ್ಟಿಸೋ ಫೋನಿಗೆ ಅದನ್ನ ಹೊರಗೆ ಸಾಗಿಸೋ ದಾರಿ ಇಷ್ಟು ಕಿರಿದು ಯಾಕೆ ಇಟ್ರು ಅಂತ ನಂಗೆ ಇವತ್ತಿಗೂ ಸಿಟ್ಟಿದೆ.

ಇನ್ನು ಅಪ್‌ಡೇಟು. ಗೂಗಲ್ 2023ರ ಅಕ್ಟೋಬರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಎಸ್24ಕ್ಕೆ ಏಳೇಳು ವರ್ಷದ ಅಪ್‌ಡೇಟ್ ಕೊಡ್ತೀವಿ ಅಂದ್ಮೇಲೆ ದೊಡ್ಡ ಫೋನುಗಳ ಲೆಕ್ಕವೇ ಬದಲಾಯ್ತು. ಯುರೋಪಿಯನ್ ಯೂನಿಯನ್ ಅಂತೂ 2025ರ ಜೂನ್ 20ರಿಂದ ಅಲ್ಲಿ ಮಾರೋ ಫೋನುಗಳಿಗೆ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಓಎಸ್ ಅಪ್‌ಡೇಟ್ ಸಿಗಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ್ಮೇಲೂ 80 ಪರ್ಸೆಂಟ್ ಶಕ್ತಿ ಉಳಿಸ್ಕೊಂಡಿರ್ಬೇಕು ಅಂತ ನಿಯಮವನ್ನೇ ತಂದಿದೆ. ತಮ್ಮನ ಫೋನಿಗೆ ಏಳು ವರ್ಷದ ಮಾತು ಕೊಟ್ಟಿದ್ದಾರೆ, ಒಂದು ಕಳೀತು, ಆರು ಉಳಿದಿದೆ. ಹೊಸದಕ್ಕೆ ಕೊಟ್ಟಿರೋದು ಮೂರು. ಅಂದ್ರೆ ಹೋದ್ವರ್ಷದ ಫೋನಿಗೇ ಈ ವರ್ಷದ್ದಕ್ಕಿಂತ ಆಯಸ್ಸು ಜಾಸ್ತಿ, ಇದನ್ನ ತಮ್ಮ ಮೊದಲೇ ಹೇಳಿದ್ದ, ನಾನು ಕಿವಿ ಮೇಲೆ ಹಾಕ್ಕೊಂಡಿರ್ಲಿಲ್ಲ.

ಎಐ ಅಂತ ಲಾಂಚಿನಲ್ಲಿ ಬಹಳ ಹೊತ್ತು ಮಾತಾಡಿದ್ರು. ಫೋಟೋದಲ್ಲಿ ಹಿಂದೆ ನಿಂತಿರೋರನ್ನ ಅಳಿಸೋದು ಎರಡರಲ್ಲೂ ಚೆನ್ನಾಗೇ ಆಗತ್ತೆ. ಆದ್ರೆ ರೆಕಾರ್ಡ್ ಮಾಡಿದ ಮಾತನ್ನ ಬರಹಕ್ಕೆ ಇಳಿಸೋದು ನಂಗೆ ಬೇಕಾಗಿತ್ತು, ಅಜ್ಜಿ ಹೇಳೋ ಹಳೇ ವಿಷಯಗಳನ್ನ ಬರೆದಿಟ್ಕೊಳ್ಳೋಣ ಅಂತ. ಹೊಸದ್ರಲ್ಲಿ ಭಾಷೆಗಳ ಪಟ್ಟಿ ಮೇಲಿಂದ ಕೆಳಗೆ ಮೂರು ಸಲ ನೋಡ್ದೆ, ಕನ್ನಡ ಇಲ್ಲ. ಅದಕ್ಕಿಂತ ಮನಸ್ಸಿಗೆ ಚುಚ್ಚಿದ್ದು ಇನ್ನೊಂದು. ಹೊಸದು ತಮ್ಮನ ಕೈಲಿದ್ದ ವಾರ ನಾನು ಮೆಸೇಜ್ ಕಳಿಸ್ದಾಗ ಅವನು ನೋಟಿಫಿಕೇಷನ್ ತೋರ್ಸಿದ, ನನ್ನ ಹೆಸರು ಅವನು "ಅಕ್ಕ" ಅಂತ ಸೇವ್ ಮಾಡಿದ್ದು ಅಲ್ಲಿ "ಅಕ" ಅಂತ ಕಾಣ್ತಿದೆ, ಒತ್ತಕ್ಷರದ ಕೆಳಗಿನ ಭಾಗ ಕತ್ತರಿಸಿ ಹೋಗಿದೆ. ಸಾಲಿನ ಎತ್ತರವನ್ನ ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿಹಾಕಿದ್ರೆ ಕನ್ನಡದ ಒತ್ತು ಆ ಡಬ್ಬದಿಂದ ಹೊರಗೆ ಉಳ್ಕೊಳ್ಳತ್ತೆ, ಅಷ್ಟೇ ಸಮಸ್ಯೆ, ಸರಿ ಮಾಡೋದು ಕಷ್ಟದ್ದಲ್ಲ. ಆದ್ರೆ ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಚಿಕ್ಕಪ್ಪ, ದೊಡ್ಡಮ್ಮ, ನಮ್ಮೋರ ಹೆಸರಲ್ಲೆಲ್ಲ ಒತ್ತಕ್ಷರ ಇದೆಯಲ್ಲ, ಒಂದು ಹೆಸರೂ ಪೂರ್ತಿಯಾಗಿ ಕಾಣಲ್ಲ. ತಮ್ಮನ ಫೋನಲ್ಲಿ ಎಲ್ಲವೂ ಇಡಿಯಾಗಿ ಕಾಣತ್ತೆ.

ಕೊನೆಗೆ ನಾನು ತಮ್ಮನದ್ದೇ ಮಾಡೆಲ್ ತಗೊಂಡೆ, ಹೊಸದು ಅಪ್ಪನಿಗೆ ಹೋಯ್ತು. ಅಪ್ಪ ಚಾರ್ಜಿಗೆ ಹಾಕೋದು ಮರೀತಾರೆ, ಫೋಟೋ ತೆಗೆದ್ರೆ ಹಗಲು ಹೊತ್ತಲ್ಲಿ ಗಿಡಗಳದ್ದು, ಅವರಿಗೆ ಈ ಬ್ಯಾಟರಿ ವರ ಇದ್ದ ಹಾಗೆ. ಅವರ ಕಣ್ಣಿಗೆ ಅಕ್ಷರ ದೊಡ್ಡದು ಬೇಕು, ದೊಡ್ಡದು ಮಾಡಿದ್ರೆ ಒತ್ತು ಇನ್ನೂ ಜಾಸ್ತಿ ಕತ್ತರಿಸಿ ಹೋಗತ್ತೆ. ಬೋಲ್ಡ್ ಆಫ್ ಮಾಡಿ, ಸೈಜು ಒಂದು ಹಂತ ಇಳಿಸಿದ್ರೆ ಅರ್ಧ ಒತ್ತು ಕಾಣತ್ತೆ, ಸದ್ಯಕ್ಕೆ ಹಾಗೇ ಇಟ್ಟಿದ್ದೀನಿ. ಸ್ಕ್ರೀನ್‌ಶಾಟ್ ಸಮೇತ ಕಂಪನಿಗೆ ಫೀಡ್‌ಬ್ಯಾಕ್ ಕಳಿಸಿದೆ, ಹೋದ ವಾರ ಒಂದು ಅಪ್‌ಡೇಟ್ ಬಂತು, ಕ್ಯಾಮೆರಾಗೆ ಹೊಸ ಫಿಲ್ಟರ್ ಬಂದಿದೆ, ಒತ್ತಕ್ಷರ ಹಾಗೇ ಇದೆ. ನಿನ್ನೆ ಮತ್ತೆ ಕಳಿಸಿದ್ದೀನಿ.